ಶುಕ್ರವಾರದ ಕೆಂಡ

ಕರೆಂಟು ಹೋದದ್ದೇ ಅವಳಿಗೆ ಬಂಡವಾಳ.

ಕುಮಾಸಿಯಲ್ಲಿ ಆ ವರ್ಷ ದೀಪವೆಂದರೆ
ಬಂದರೆ ಬಂದೆ, ಹೋದರೆ ಹೋದೆ ಅನ್ನುವ ನೆಂಟ.
ಹಾಸ್ಟೆಲಿನ ಇಸ್ತ್ರಿಪೆಟ್ಟಿಗೆಗಳೆಲ್ಲ
ಬಾಲ ಸುತ್ತಿಕೊಂಡು ಮಂಚದಡಿ ಮಲಗಿದ್ದಾಗ
ನನ್ನ ರೂಮಿನ ಡಾನ್ಸೋವಾ
ಸುವಾಮೆಯ ಗುಜರಿಗೆ ಹೋಗಿ
ಕೆಂಡದ ಇಸ್ತ್ರಿಯೊಂದನ್ನು ಎದೆಗವಚಿಕೊಂಡು ತಂದಳು.
ಮುಚ್ಚಳದ ಚಿಲಕಕ್ಕೆ ಹಿತ್ತಾಳೆಯ ಹುಂಜ,
ಹುಂಜಕ್ಕೆ ಜುಟ್ಟಿಲ್ಲ.
ನಲವತ್ತು ಸೆಡಿ. ಅದರಲ್ಲಿ ಹದಿನೈದು ನನ್ನದು.
ಕೇಳಿ ತೆಗೆದುಕೊಂಡಳೋ, ತೆಗೆದುಕೊಂಡು ಕೇಳಿದಳೋ
ಇವತ್ತಿಗೂ ಇತ್ಯರ್ಥವಾಗಿಲ್ಲ.

"ನೀನು ಪಾಲುದಾರಳು," ಅಂದಳು.
ಪಾಲುದಾರಳ ಕೆಲಸ ಇದ್ದಿಲಿಗೆ ಗಾಳಿ ಬೀಸುವುದು;
ಬೀಸಲಿಕ್ಕೆ ನನ್ನದೇ ಸಂಖ್ಯಾಶಾಸ್ತ್ರದ ನೋಟುಬುಕ್ಕು.

ಹಿಂದುಗಡೆ ಬಾದಾಮಿ ಮರದ ಕೆಳಗೆ ಟೇಬಲ್ಲು.
ಟೇಬಲ್ಲೆಂದರೆ ಕಿತ್ತ ಬಾಗಿಲು,
ಅದರ ಮೇಲೆ ಎರಡು ಕಂಬಳಿ, ಒಂದು ಹಳೇ ಚಾದರ.
ಅಂಗಿಗೆ ಎರಡು ಸೆಡಿ, ಪ್ಯಾಂಟಿಗೆ ಎರಡೂವರೆ,
ನೆರಿಗೆ ಲಂಗಕ್ಕೆ ಚೌಕಾಸಿ ಇಲ್ಲ.
ಮೊದಲ ದಿನ ಬಂದವರು ಮೂವರು.
ಒಬ್ಬ ಸಿಗರೇಟಿಗೆ ಬೆಂಕಿ ಕೇಳಲು,
ಒಬ್ಬಳು ನಗಲು.
ಮೂರನೆಯವರು ವಾರ್ಡನ್.

ವಾರ್ಡನ್ನರ ಅಂಗಿಯ ಕಾಲರನ್ನು ಅವಳು ಹೇಗೆ ಕೂರಿಸಿದಳೆಂದರೆ
ಮಾರನೆ ದಿನದಿಂದ ಆ ಮರದ ಕಡೆ
ಅವರ ಕಣ್ಣಿಗೆ ಹೊಗೆಯೇ ಬೀಳದಾಯಿತು.

ಆಮೇಲೆ ಶುಕ್ರವಾರಗಳು ಬಂದವು.
ಈ ಊರಲ್ಲಿ ಸಾಯುವುದು ಯಾವತ್ತಾದರೂ ಸಾಯಬಹುದು,
ಕಳಿಸಿಕೊಡುವುದು ಮಾತ್ರ ಶನಿವಾರ.
ಶುಕ್ರವಾರ ಸಂಜೆ ಅರ್ಧ ಹಾಸ್ಟೆಲು
ಕಪ್ಪು ಕೆಂಪು ಬಟ್ಟೆಯ ಗಂಟು ಹಿಡಿದು ಸಾಲು ನಿಲ್ಲುತ್ತಿತ್ತು:
ಚಿಕ್ಕಮ್ಮನ ಗಂಡನ ಅಣ್ಣ, ಮೀನಂಗಡಿಯ ಮುದುಕಿ,
ಪ್ರೈಮರಿ ಸ್ಕೂಲಿನ ಡ್ರಿಲ್ ಮೇಷ್ಟ್ರು,
ಯಾರೆಂದು ಸರಿಯಾಗಿ ಗೊತ್ತಿಲ್ಲದ ಒಬ್ಬ ಅಜ್ಜ.
ಸಾಲಿನಲ್ಲೇ ಜೋಕು, ಸಾಲ, ಹೊಸ ಪ್ರೇಮ.
ಡಾನ್ಸೋವಾ ನೀರು ಚಿಮುಕಿಸಿ, ಸುಯ್ಯೆನಿಸಿ,
ಬಿಡುವಾದಾಗ ಲೆಕ್ಕದ ಪುಸ್ತಕಕ್ಕೆ ಗೀಟು ಎಳೆದಳು.
ಜಮೆ. ಖರ್ಚು. ಉದ್ರಿ.

ಎಡವಲಿಲ್ಲವೆಂದಲ್ಲ.
ಕಿಡಿಯೊಂದು ಹಾರಿ ಯಾರದೋ ಬಿಳಿ ಲೇಸಿನ ರವಿಕೆಗೆ
ಅಲಸಂದೆ ಕಾಳಿನಷ್ಟು ತೂತು.
ಮೂರು ವಾರದ ಲಾಭ ಆ ತೂತಿನೊಳಗೆ ಇಳಿದುಹೋಯಿತು.
ಆ ರಾತ್ರಿ ಇಬ್ಬರಿಗೂ ಸೇರಿ ಒಂದೇ ಕೆಂಕಿ ಉಂಡೆ,
ಮುರಿದು ದೊಡ್ಡ ತುಂಡು ನನಗೆ ಕೊಟ್ಟಳು.
ನಷ್ಟ ಹಂಚುವುದು ಹೀಗೆಂದು ನಮ್ಮ ಪಠ್ಯದಲ್ಲಿರಲಿಲ್ಲ.

ಸೆಮಿಸ್ಟರಿನ ಕೊನೆಗೆ ಒಂದು ಗುರುವಾರ,
ಸಾಲಿಲ್ಲದ ಹೊತ್ತಲ್ಲಿ ಅಂಪೋಫೋ ಬಂದ,
ಮೆಕ್ಯಾನಿಕಲ್ಲಿನ ಹುಡುಗ.
ಎಂಟು ಗಜದ ಕಪ್ಪು, ಮರದ ತೊಗಟೆಯ ಬಣ್ಣ,
ಮಡಿಕೆ ಮಡಿಕೆಯಲ್ಲೂ ನುಸಿಗುಳಿಗೆಯ ವಾಸನೆ.
"ಅಪ್ಪನದು," ಅಂದ.
ಅಪ್ಪ ಉಡುತ್ತಿದ್ದದ್ದೋ, ಅಪ್ಪನಿಗಾಗಿ ಉಡುವುದೋ,
ಕೇಳಬೇಕಾಗಿ ಬರಲಿಲ್ಲ.

ಅವತ್ತು ಕರೆಂಟು ಇತ್ತು.
ಅವನ ರೂಮಿನಲ್ಲೂ ಇತ್ತು.

ಡಾನ್ಸೋವಾ ಮಾತಿಲ್ಲದೆ ಇದ್ದಿಲು ತುಂಬಿದಳು.
ಒಂದು ತಾಸು ಹಿಡಿಯಿತು. ಬಟ್ಟೆ ನೆಲಕ್ಕೆ ತಾಗದಂತೆ
ಆ ತುದಿ ಅವನು, ಈ ತುದಿ ನಾನು.
ನಡುವೆ ಆ ಕಪ್ಪು ಸುಕ್ಕು ಬಿಡುತ್ತಾ, ಬಿಸಿಯಾಗುತ್ತಾ,
ಮೆಲ್ಲಗೆ ನನ್ನ ಕಡೆ ಬಂತು.

ದುಡ್ಡಿಗೆ ಅವಳು ಕೈ ಅಡ್ಡ ಮಾಡಿದಳು.
"ತಗೋ," ಅಂದ. "ಇಸ್ತ್ರಿಯವರಿಗೆ ಅಪ್ಪ
ಯಾವತ್ತೂ ಬಾಕಿ ಉಳಿಸಿದವನಲ್ಲ."

ಎಂಟು ಸೆಡಿ.
ರಾತ್ರಿ ಲೆಕ್ಕದ ಪುಸ್ತಕ ಬಿಚ್ಚಿ ಬಹಳ ಹೊತ್ತು ಕೂತಳು.
ಓದುತ್ತಿದ್ದದ್ದು ವಾಣಿಜ್ಯವೇ;
ಸವಕಳಿಗೆ ಒಂದು ಕಾಲಮ್ಮು ಇದೆ,
ಒಳ್ಳೆಯ ಹೆಸರಿಗೂ ಬೆಲೆ ಕಟ್ಟುತ್ತಾರಂತೆ.
ಕೊನೆಗೆ ಜಮೆಯಲ್ಲೇ ಬರೆದಳು.
ಗಿರಾಕಿಯ ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟು
"ಅವರಪ್ಪನ ಹೆಸರೇನು, ಹೋಗಿ ಕೇಳು," ಅಂದಳು.

ಗಂಡುಮಕ್ಕಳ ಹಾಸ್ಟೆಲು, ಮೂರನೇ ಮಹಡಿ.
ನಾನು ಮೆಟ್ಟಿಲಲ್ಲಿರುವಾಗ ಕರೆಂಟು ಹೋಯಿತು.
ಬಾಗಿಲ ಸಂದಿಯಲ್ಲಿ ನಿಂತು ಅವನು
ಒಂದೊಂದೇ ಅಕ್ಷರ ಬಿಡಿಸಿ ಹೇಳಿದ.
ಕತ್ತಲಲ್ಲಿ, ಇನ್ನೂ ಮಸಿ ಹೋಗದ ಅಂಗೈ ಮೇಲೆ
ಬೆರಳಲ್ಲಿ ಬರೆದುಕೊಂಡೆ.